ಜುಲೈ ಬಿಲ್ಡ್ ಮತ್ತು ಸಕಲೇಶಪುರದ ಮಳೆ

ಫ್ರೀಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಮ್‌ಗೆ ಸೋರ್ಸ್‌ನಿಂದ ತಂತ್ರಾಂಶ ಕಟ್ಟುವ ಸೂಚನೆಗಳ ಸಂಗ್ರಹವೇ ಪೋರ್ಟ್ಸ್. ಅದಕ್ಕೆ ವರ್ಷಕ್ಕೆ ನಾಲ್ಕು ಸಲ ಹೊಸ ಕ್ವಾರ್ಟರ್ಲಿ ಬ್ರ್ಯಾಂಚ್ (ಮೂರು ತಿಂಗಳ ಆವೃತ್ತಿ) ಬರುತ್ತದೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್. ಹೊಸದು ಬಂದ ಮೇಲೆ ಹಳೆಯದರ ಕಡೆ ಯಾರೂ ತಿರುಗಿ ನೋಡುವುದಿಲ್ಲ, ಸೆಕ್ಯೂರಿಟಿ ಫಿಕ್ಸ್ ಕೂಡ ಹೊಸದಕ್ಕೇ. ಉಳಿದ ಮೂರು ತಿಂಗಳು ನನಗೆ ತೊಂದರೆ ಇಲ್ಲ. ಜುಲೈ ಮಾತ್ರ ಯಾರೋ ಬೇಕಂತಲೇ ಇಟ್ಟ ಹಾಗಿದೆ. ಸಕಲೇಶಪುರದಲ್ಲಿ ಮಳೆ ಬಿಡದೆ ಹಿಡಿಯುವುದು, ಸಿಲ್ವರ್ ಓಕ್ ಮುರಿದು ಲೈನ್ ಮೇಲೆ ಬೀಳುವುದು, ಹೋದ ಕರೆಂಟ್ ಯಾವಾಗ ಬರುತ್ತದೆ ಅಂತ ಯಾರಿಗೂ ಗೊತ್ತಿಲ್ಲದಿರುವುದು, ಎಲ್ಲಾ ಆಗಲೇ. 2025ರ ಮೂರನೇ ಕ್ವಾರ್ಟರ್‌ನ ಬಿಲ್ಡ್, ಅಂದರೆ ಸೋರ್ಸ್‌ನಿಂದ ಪ್ಯಾಕೇಜ್ ಕಟ್ಟುವ ಕೆಲಸ, ಎಲ್ಲಿಗೆ ಬಂತು ಅಂತ ಇಲ್ಲಿ ಬರೆದಿಡುತ್ತಿದ್ದೇನೆ.

ಹೊಸಬರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಮನೆಯಲ್ಲಿರುವುದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್, ನಾಲ್ಕು ಕೋರ್, 16 ಜಿಬಿ ರ‍್ಯಾಮ್, ಡಿಸ್ಕ್ ಪೂರ್ತಿ ಝಡ್‌ಎಫ್‌ಎಸ್ ಫೈಲ್ ಸಿಸ್ಟಮ್. ಅದರ ಮೇಲೆ ಪೋರ್ಟ್‌ಗಳನ್ನು ಪ್ಯಾಕೇಜ್ ಮಾಡಿಕೊಡುವ ಪೂಡ್ರಿಯೇರ್ ಓಡುತ್ತದೆ. ಒಂದೊಂದು ಪ್ಯಾಕೇಜಿಗೂ ಅದು ಖಾಲಿ ಜೈಲ್ (ಉಳಿದದ್ದರಿಂದ ಬೇರ್ಪಡಿಸಿದ ಪರಿಸರ) ಒಂದನ್ನು ತೆರೆದು, ಬೇಕು ಅಂತ ಬರೆದಿರುವ ಬೇರೆ ಪ್ಯಾಕೇಜ್‌ಗಳನ್ನಷ್ಟೇ, ಅಂದರೆ ಡಿಪೆಂಡೆನ್ಸಿಗಳನ್ನಷ್ಟೇ, ಒಳಗೆ ಹಾಕಿ ಬಿಲ್ಡ್ ಮಾಡುತ್ತದೆ. ಸೋರ್ಸ್ ಇಳಿಸಿದ ಮೇಲೆ ಜೈಲ್‌ಗೆ ನೆಟ್ ಕೂಡ ಇರುವುದಿಲ್ಲ. ಹಾಗಾಗಿ 'ನನ್ನ ಮೆಷಿನ್‌ನಲ್ಲಿ ಸರಿಯಾಗೇ ಇತ್ತಲ್ಲ' ಅನ್ನುವ ಮಾತಿಗೆ ಜಾಗವೇ ಇಲ್ಲ. ಕೊನೆಗೆ ಬರುವ ರೆಪೊಸಿಟರಿಯನ್ನು, ಅಂದರೆ ಪ್ಯಾಕೇಜ್‌ಗಳ ಭಂಡಾರವನ್ನು, ನಾನು ಮತ್ತು ಹಾಸನದ ಕೆಲವು ಗೆಳೆಯರು ಬಳಸುತ್ತೇವೆ. ಅಧಿಕೃತ ಪ್ಯಾಕೇಜ್‌ಗಳು ಡಿಫಾಲ್ಟ್ ಆಪ್ಷನ್‌ಗಳಲ್ಲೇ ಬರುತ್ತವೆ. ನಮಗೆ ಕೆಲವು ಆಪ್ಷನ್ ಬೇರೆ ಬೇಕು, ಜೊತೆಗೆ ನಾನೇ ಪ್ಯಾಕ್ ಮಾಡಿದ ಕನ್ನಡ ಫಾಂಟ್‌ಗಳು. ಮಿಕ್ಕಿದ್ದು ಹುಚ್ಚು ಅನ್ನಿ.

ಈ ಸಲ ಮಾಡಿದ ದೊಡ್ಡ ಬದಲಾವಣೆ ಅಂದರೆ ನೆಟ್ ಬೇಕಾದ ಕೆಲಸವನ್ನೂ ಕರೆಂಟ್ ಬೇಕಾದ ಕೆಲಸವನ್ನೂ ಬೇರೆ ಬೇರೆ ಮಾಡಿದ್ದು. ಎರಡೂ ಒಟ್ಟಿಗೆ ಗಂಟೆಗಟ್ಟಲೆ ಇರಲಿ ಅಂತ ಕಾದರೆ ಜುಲೈ ಮುಗಿದೇ ಹೋಗುತ್ತದೆ. ಪೋರ್ಟ್ಸ್‌ನಲ್ಲಿ 'ಮೇಕ್ ಫೆಚ್-ರಿಕರ್ಸಿವ್' ಅಂತ ಕೊಟ್ಟರೆ ಅದು ಪೋರ್ಟ್‌ನ ಮತ್ತು ಅದರ ಡಿಪೆಂಡೆನ್ಸಿಗಳ ಸೋರ್ಸ್ ಫೈಲ್‌ಗಳನ್ನು ಸುಮ್ನೆ ಇಳಿಸಿಟ್ಟು ಮುಗಿಸುತ್ತದೆ, ಏನನ್ನೂ ಬಿಲ್ಡ್ ಮಾಡುವುದಿಲ್ಲ. ಇದನ್ನು ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ಗೆ ಹಾಕಿ ರಾತ್ರಿ ಓಡಲು ಬಿಟ್ಟಿದ್ದೇನೆ. ಮಧ್ಯೆ ಲೈನ್ ಕಟ್ ಆದರೂ ಚಿಂತೆ ಇಲ್ಲ. ಪ್ರತಿ ಫೈಲಿನ ಗಾತ್ರ, ಎಸ್‌ಎಚ್‌ಎ256 ಚೆಕ್‌ಸಮ್ (ಫೈಲಿನ ಬೆರಳಚ್ಚು ಇದ್ದ ಹಾಗೆ) ಎರಡೂ ಪೋರ್ಟ್‌ನಲ್ಲೇ ಬರೆದಿರುತ್ತವೆ. ತಾಳೆಯಾಗದ ಅರ್ಧಂಬರ್ಧ ಫೈಲ್ ಬಿಲ್ಡ್‌ವರೆಗೂ ಹೋಗಲಾರದು.

ಆಮೇಲೆ ರಸ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ. ನಾಲ್ಕು ಕೋರ್‌ನ ಮೆಷಿನ್‌ನಲ್ಲಿ ರಸ್ಟ್ ಕಂಪೈಲರ್ ಗಂಟೆಗಟ್ಟಲೆ ತಿನ್ನುತ್ತದೆ. ಮುಗಿಯುವ ಹೊತ್ತಿಗೆ ಕರೆಂಟ್ ಹೋದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ, ಮತ್ತೆ ಮೊದಲಿಂದ. ಸಿ, ಸಿ ಪ್ಲಸ್ ಪ್ಲಸ್ ಪ್ಯಾಕೇಜ್‌ಗಳಿಗೆ ಈ ಗೋಳು ಅಷ್ಟಿಲ್ಲ. ಕಂಪೈಲ್ ಆದದ್ದನ್ನು ಉಳಿಸಿಟ್ಟುಕೊಳ್ಳುವ ಸಿಕ್ಯಾಶ್‌ನ ಡೈರೆಕ್ಟರಿ ಜೈಲ್‌ನ ಹೊರಗೆ ಇರುವುದರಿಂದ ವೆಬ್‌ಕಿಟ್‌ನಂಥ ದೊಡ್ಡ ಪ್ಯಾಕೇಜ್ ಅರ್ಧಕ್ಕೆ ನಿಂತರೂ ಆಗಲೇ ಕಂಪೈಲ್ ಆದ ಭಾಗ ಎರಡನೇ ಸಲ ಸರಸರ ದಾಟುತ್ತದೆ. ರಸ್ಟ್‌ಗೆ ಸಿಕ್ಯಾಶ್ ಪ್ರಯೋಜನಕ್ಕೆ ಬರುವುದಿಲ್ಲ. ಅದಕ್ಕೇ ರಸ್ಟ್, ಎಲ್‌ಎಲ್‌ವಿಎಂ, ಜಿಸಿಸಿ ಈ ಮೂರು ಕಂಪೈಲರ್ ಪ್ಯಾಕೇಜ್‌ಗಳನ್ನೂ ಅಧಿಕೃತ ರೆಪೊಸಿಟರಿಯಿಂದಲೇ ತರಲು ಪೂಡ್ರಿಯೇರ್‌ಗೆ ಹೇಳಿಬಿಟ್ಟೆ. ಪ್ಯಾಕೇಜ್ ಫೆಚ್ ಅನ್ನುವ ಸೆಟ್ಟಿಂಗ್‌ಗಳು ಇರುವುದೇ ಇದಕ್ಕೆ. ವರ್ಷನ್, ಆಪ್ಷನ್ ಹೊಂದಿಕೆಯಾದರೆ ಮಾತ್ರ ತರುತ್ತದೆ, ಇಲ್ಲದಿದ್ದರೆ ತಾನೇ ಬಿಲ್ಡ್ ಮಾಡುತ್ತದೆ. ಎಲ್ಲಾ ನಾವೇ ಬಿಲ್ಡ್ ಮಾಡಬೇಕು ಅಂತ ಹಠ ಹಿಡಿಯುವವರು ಇದ್ದಾರೆ. ಹಿಡಿಯಲಿ, ಅವರ ಊರಲ್ಲಿ ಕರೆಂಟ್ ಇರುತ್ತೆ.

ಜುಲೈ ಎರಡನೇ ವಾರದಲ್ಲಿ ಸರಿಯಾದ ಪರೀಕ್ಷೆ ಆಯಿತು. ನಾಲ್ಕೂ ಕೋರ್ ಭರ್ತಿ ಕೆಲಸದಲ್ಲಿದ್ದಾಗ ಕರೆಂಟ್ ಹೋಯಿತು. ಹಳೇ ಯುಪಿಎಸ್ ಒಂದೆರಡು ನಿಮಿಷ ಕೀ ಕೀ ಅಂದು ಮಲಗಿತು. ಮಾರನೇ ದಿನ ಮಧ್ಯಾಹ್ನ ಮೆಷಿನ್ ಏಳಿಸಿದೆ. ಝಡ್‌ಎಫ್‌ಎಸ್ ಇರುವ ಡೇಟಾ ಮೇಲೆ ಬರೆಯದೆ ಹೊಸ ಜಾಗದಲ್ಲಿ ಬರೆಯುವುದರಿಂದ ಪೂಲ್ ಏನೂ ತಕರಾರಿಲ್ಲದೆ ಎದ್ದಿತು. ಬಲ್ಕ್ (ಪೂಡ್ರಿಯೇರ್‌ನ ಬಿಲ್ಡ್ ಕಮಾಂಡ್) ಮತ್ತೆ ಶುರು ಮಾಡಿದ ಕೂಡಲೇ, ಹಿಂದೆ ಅರ್ಧಕ್ಕೆ ನಿಂತ ಬಿಲ್ಡ್‌ನ ಪ್ಯಾಕೇಜ್‌ಗಳನ್ನೇ ಬಳಸುತ್ತೇನೆ ಅಂತ ಒಂದು ಸಾಲು ಬಂತು. ಆ ಸಾಲು ನೋಡಿದ ಮೇಲೇ ಕಾಫಿಗೆ ಇಟ್ಟಿದ್ದು. ಕಳೆದುಕೊಂಡದ್ದು ಆ ಹೊತ್ತಿಗೆ ಜೈಲ್‌ಗಳಲ್ಲಿದ್ದ ನಾಲ್ಕು ಮಾತ್ರ.

ಅಷ್ಟೂ ಹೊತ್ತು ಹಾಸನದವರಿಗೆ ಏನೂ ಗೊತ್ತಾಗಿಲ್ಲ. ಪೂಡ್ರಿಯೇರ್ ಹೊಸ ಪ್ಯಾಕೇಜ್‌ಗಳನ್ನು 'ಡಾಟ್ ಬಿಲ್ಡಿಂಗ್' ಅನ್ನುವ ಡೈರೆಕ್ಟರಿಯಲ್ಲಿ ಗುಡ್ಡೆ ಹಾಕುತ್ತಾ ಹೋಗುತ್ತದೆ. ಎಲ್ಲಾ ಮುಗಿದ ಮೇಲಷ್ಟೇ 'ಡಾಟ್ ಲೇಟೆಸ್ಟ್' ಅನ್ನುವ ಸಿಮ್‌ಲಿಂಕ್ (ಬೇರೆ ಡೈರೆಕ್ಟರಿಗೆ ಕೈತೋರಿಸುವ ಕೊಂಡಿ) ಅನ್ನು ಅದರ ಕಡೆ ತಿರುಗಿಸುತ್ತದೆ. ಅಲ್ಲಿಯವರೆಗೆ ಪಿಕೆಜಿ ಅಪ್‌ಗ್ರೇಡ್ ಕಮಾಂಡ್ ಕೊಟ್ಟವರಿಗೆ ಸಿಗುವುದು ಹಳೆಯ, ಆದರೆ ಪೂರ್ತಿ ರೆಪೊಸಿಟರಿ. ಇಡೀ ವ್ಯವಸ್ಥೆಯಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಇದೇ.

ಫೇಲ್ ಆದವುಗಳ ವಿಷಯ. ಪೂಡ್ರಿಯೇರ್‌ನ ಸ್ಟೇಟಸ್ ಪುಟದಲ್ಲಿ 'ಸ್ಕಿಪ್ಡ್' ಪಟ್ಟಿ ಉದ್ದ ಇದ್ದರೆ ಎದೆ ಧಸಕ್ ಅನ್ನುತ್ತದೆ, ಅಲ್ವಾ? ಅದನ್ನು ನೋಡಲೇಬೇಡಿ. ಕೆಳಗಿನ ಲೈಬ್ರರಿ ಒಂದು ಬಿದ್ದರೆ ಅದನ್ನು ನೆಚ್ಚಿಕೊಂಡ ಎಲ್ಲವೂ ಆ ಪಟ್ಟಿಗೆ ಬೀಳುತ್ತವೆ. 'ಫೇಲ್ಡ್' ಪಟ್ಟಿ ತೆಗೆದು, ಯಾವ ಹಂತದಲ್ಲಿ ಬಿತ್ತು ಅಂತ ನೋಡಿದರೆ ಸಾಕು. ಫೆಚ್ ಅಥವಾ ಚೆಕ್‌ಸಮ್ ಅಂತಿದ್ದರೆ ಮೊದಲು ನೆಟ್ ನೋಡಬೇಕು. ಬಿಲ್ಡ್ ಅಂತಿದ್ದರೆ ಲಾಗ್ ಓದಲೇಬೇಕು.

ಈ ಸಲ ಲಾಗ್ ಓದಿಸಿದ್ದು ನಮ್ಮ ಫಾಂಟ್ ಪೋರ್ಟ್. ಅದನ್ನು ಓವರ್‌ಲೇ ಅನ್ನುವ ಪ್ರತ್ಯೇಕ ಡೈರೆಕ್ಟರಿಯಲ್ಲಿ ಇಟ್ಟಿರುವುದರಿಂದ ಮುಖ್ಯ ಪೋರ್ಟ್ಸ್ ಟ್ರೀಯನ್ನು ಮುಟ್ಟಬೇಕಾಗಿಲ್ಲ. ಫಾಂಟ್‌ನ ಹೊಸ ಆವೃತ್ತಿಯ ಜೊತೆ ಒಂದು ವೇರಿಯಬಲ್ ಫಾಂಟ್ ಫೈಲ್ ಜಾಸ್ತಿ ಬಂದಿತ್ತು. ಪೋರ್ಟ್ ಪರೀಕ್ಷಿಸುವ ಟೆಸ್ಟ್‌ಪೋರ್ಟ್ ಕಮಾಂಡ್ ಓಡಿಸಿದಾಗ ಸ್ಟೇಜ್ ಡೈರೆಕ್ಟರಿಯಲ್ಲಿ (ಪ್ಯಾಕ್ ಮಾಡುವ ಮುಂಚೆ ಫೈಲ್‌ಗಳು ಸೇರುವ ಜಾಗ) ಇದ್ದು ಪ್ಯಾಕಿಂಗ್ ಪಟ್ಟಿಯಲ್ಲಿ ಇಲ್ಲದ ಆ ಫೈಲನ್ನು 'ಆರ್ಫನ್ಡ್' ಅಂತ ಹಿಡಿದು ತೋರಿಸಿತು. ಪ್ಯಾಕಿಂಗ್ ಪಟ್ಟಿಗೆ ಒಂದು ಸಾಲು ಸೇರಿಸಿದೆ, ಹಸಿರಾಯಿತು.

ಜುಲೈ ಕೊನೆಗೆ ಸಿಮ್‌ಲಿಂಕ್ ತಿರುಗಿತು, ಹಾಸನದಲ್ಲಿ ಅಪ್‌ಗ್ರೇಡ್ ಆಯಿತು. ಬಾಕಿ ಇರುವುದು ಯುಪಿಎಸ್. ಹೊಸ ಬ್ಯಾಟರಿ ಹಾಕಿಸಿದ್ದೇನೆ, ಯುಪಿಎಸ್ ಮೇಲೆ ಕಣ್ಣಿಡುವ ನಟ್ ತಂತ್ರಾಂಶಕ್ಕೆ ಅದರ ಯುಎಸ್‌ಬಿ ಗುರುತು ಸಿಕ್ಕಿದೆ. ಬ್ಯಾಟರಿ ಇಳಿಯುತ್ತಾ ಬಂದಾಗ ಮೊದಲು ಬಲ್ಕ್ ನಿಲ್ಲಿಸಿ ಆಮೇಲೆ ಮೆಷಿನ್ ಮಲಗಿಸುವ ಸ್ಕ್ರಿಪ್ಟ್ ಅರ್ಧ ಬರೆದಾಗಿದೆ. ರೌಟರನ್ನೂ ಅದೇ ಯುಪಿಎಸ್‌ಗೆ ಹಾಕಬೇಕಾ, ಬೇರೆ ಚಿಕ್ಕದೊಂದು ತರಬೇಕಾ ಅಂತ ಇನ್ನೂ ತೀರ್ಮಾನ ಮಾಡಿಲ್ಲ.