ಹಿಲ್ಡೆಸ್‌ಹೈಮ್‌ನ ಕಂಚಿನ ಬಾಗಿಲು

ಇಂದು ನವೆಂಬರ್ 20. ಜರ್ಮನಿಯ ಹಿಲ್ಡೆಸ್‌ಹೈಮ್‌ನ ಬಿಷಪ್ ಬರ್ನ್‌ವರ್ಡ್ 1022ರಲ್ಲಿ ತೀರಿಕೊಂಡದ್ದು ಇದೇ ದಿನ. ಸ್ಯಾಕ್ಸನಿಯ ಕುಲೀನ ಮನೆತನದಲ್ಲಿ ಹುಟ್ಟಿ, ಜರ್ಮನಿಯ ಬಾಲಕ ದೊರೆ ಮೂರನೆಯ ಒಟ್ಟೋಗೆ ಗುರುವಾಗಿದ್ದು, 993ರಲ್ಲಿ ಬಿಷಪ್ ಪದವಿಗೇರಿದ ಅವರು, ಗಾಂಡರ್ಸ್‌ಹೈಮ್‌ನ ಸನ್ಯಾಸಿನಿಯರ ಮಠ ಯಾರ ಅಧಿಕಾರಕ್ಕೆ ಸೇರಬೇಕೆಂಬ ವ್ಯಾಜ್ಯವನ್ನು ಮೈಂಟ್ಸ್‌ನ ಆರ್ಚ್‌ಬಿಷಪ್ ವಿಲ್ಲಿಗಿಸ್ ವಿರುದ್ಧ ರೋಮ್‌ವರೆಗೂ ಒಯ್ದಿದ್ದರು.

ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಅವರು 1015ರಲ್ಲಿ ಮಾಡಿಸಿದ ಕಂಚಿನ ಬಾಗಿಲುಗಳ ಕಡೆಗೆ. ಸುಮಾರು 4.7 ಮೀಟರ್ ಎತ್ತರದ ಎರಡು ಕದಗಳು. ಒಂದೊಂದನ್ನೂ ಇಡಿಯಾಗಿ ಒಂದೇ ಎರಕದಲ್ಲಿ ಹೊಯ್ದಿದ್ದಾರೆ ಎಂಬುದೇ ನನಗೆ ಇಂದಿಗೂ ಬೆರಗು. ಎಡಗದದಲ್ಲಿ ಮೊದಲ ಮಾನವ ಆದಾಮನ ಸೃಷ್ಟಿಯಿಂದ ಅವನ ಮಗ ಆಬೇಲನ ಕೊಲೆಯವರೆಗಿನ ಬೈಬಲ್ ಕಥೆ ಇಳಿಯುತ್ತಾ ಬಂದರೆ, ಬಲಗದದಲ್ಲಿ ಯೇಸುವಿನ ಕಥೆ ಕೆಳಗಿನಿಂದ ಮೇಲಕ್ಕೆ ಏರುತ್ತದೆ.

ಅದರಲ್ಲೊಂದು ಫಲಕವನ್ನು ಇಂದು ಬೆಳಿಗ್ಗೆ ಚಿತ್ರದಲ್ಲಿ ಬಹಳ ಹೊತ್ತು ನೋಡಿದೆ. ತಿನ್ನಬಾರದೆಂದಿದ್ದ ಹಣ್ಣನ್ನು ತಿಂದದ್ದಕ್ಕೆ ದೇವರು ಆದಾಮನತ್ತ ಬೆರಳು ತೋರಿದ್ದಾನೆ. ನಾಚಿಕೆಯಿಂದ ಬಾಗಿದ ಆದಾಮ ಹೆಂಡತಿ ಹವ್ವಳನ್ನು ತೋರಿಸುತ್ತಿದ್ದಾನೆ. ಅವಳು ನೆಲದಲ್ಲಿರುವ ಸರ್ಪವನ್ನು ತೋರಿಸುತ್ತಿದ್ದಾಳೆ. ತಪ್ಪು ಒಬ್ಬರಿಂದ ಒಬ್ಬರಿಗೆ ಜಾರುವ ಬಗೆಯನ್ನು ಸಾವಿರ ವರ್ಷಗಳ ಹಿಂದಿನ, ಹೆಸರು ತಿಳಿಯದ ಆ ಶಿಲ್ಪಿಗಳು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರು! ನಿನ್ನೆ ಮನೆಯಲ್ಲಿ ನಡೆದ ಸಣ್ಣ ಮಾತಿನಲ್ಲಿ ನನ್ನ ಬೆರಳು ಯಾರ ಕಡೆಗಿತ್ತು ಎಂಬುದು ನೆನಪಾಗಿ, ಚಿತ್ರವನ್ನು ಮುಚ್ಚಲಾಗದೆ ಕುಳಿತೆ.