ಗಾಳಿ ಕಾಯುವ ಗ್ರಂಥಭಂಡಾರ: ಹೇಯಿನ್‌ಸಾದಲ್ಲಿ ಎರಡು ದಿನ

ಮೂವತ್ತೆರಡು ವರ್ಷ ಕಾಲೇಜು ಗ್ರಂಥಾಲಯದಲ್ಲಿ ದುಡಿದು ನಿವೃತ್ತಳಾದ ನನಗೆ ಬೀಗ ಹಾಕಿದ ಪುಸ್ತಕದ ಕಪಾಟನ್ನು ಕಂಡರೆ ಈಗಲೂ ಆಗಿಬರುವುದಿಲ್ಲ. ಪುಸ್ತಕಗಳಿರುವುದು ಬಳಕೆಗಾಗಿ ಎಂದು ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ವಿಧಿಸಿದ ಮೊದಲ ಸೂತ್ರವನ್ನು ವರ್ಷವರ್ಷವೂ ಹೊಸ ವಿದ್ಯಾರ್ಥಿಗಳ ಮುಂದೆ ಒಪ್ಪಿಸುತ್ತಿದ್ದವಳು ನಾನು. ಅಂಥವಳು ಕಳೆದ ಅಕ್ಟೋಬರಿನಲ್ಲಿ ದಕ್ಷಿಣ ಕೊರಿಯಾದ ಬೆಟ್ಟವೊಂದರ ಮೇಲೆ, ಒಬ್ಬ ಓದುಗನೂ ಕೂರದ, ಒಂದು ಮೇಜೂ ಇಲ್ಲದ ಬೌದ್ಧ ಗ್ರಂಥಭಂಡಾರದ ಕಿಟಕಿಯ ಮರದ ಸರಳುಗಳಿಗೆ ಮುಖವೊತ್ತಿ ಒಂದು ಗಂಟೆಗೂ ಹೆಚ್ಚು ಹೊತ್ತು ನಿಂತಿದ್ದೆ.

ಮಗಳು ಕೆಲಸದ ಮೇಲೆ ಡೇಗು ನಗರದಲ್ಲಿದ್ದಾಳೆ. ಅವಳ ಮನೆಯಲ್ಲಿ ಕಳೆದ ಮೂರು ವಾರಗಳಲ್ಲಿ ಸೋಲ್, ಬುಸಾನ್ ಎಲ್ಲವನ್ನೂ ನೋಡಿದೆ. ಅವುಗಳ ಕುರಿತು ನನಗೆ ಹೇಳುವುದಕ್ಕೆ ವಿಶೇಷವೇನೂ ಇಲ್ಲ. ಆ ಗ್ರಂಥಭಂಡಾರವಿರುವ ಹೇಯಿನ್‌ಸಾ ವಿಹಾರಕ್ಕೆ ಡೇಗುವಿನ ಪಶ್ಚಿಮ ಬಸ್ ನಿಲ್ದಾಣದಿಂದ ಒಂದೂವರೆ ಗಂಟೆಯ ದಾರಿ. ಬಸ್ಸು ಬೆಟ್ಟವೇರತೊಡಗಿದ ಮೇಲೆ ಜೊತೆಗೇ ಹರಿಯುವ ತೊರೆಯ ಕಣಿವೆಗೆ ಹೊಂಗ್ರ್ಯುದೊಂಗ್ ಎಂದು ಹೆಸರು. ಮಾಗಿದ ಎಲೆಗಳ ನೆರಳು ಬಿದ್ದು ನೀರೇ ಕೆಂಪಾಗಿ ಹರಿಯುತ್ತದೆಂಬುದು ಅದರ ಅರ್ಥವಂತೆ. ನಾವು ಹೋದ ದಿನ ನೀರು ನೀರಿನ ಬಣ್ಣದಲ್ಲಿಯೇ ಇತ್ತು, ಮರಗಳು ಮಾತ್ರ ಹೊತ್ತಿಕೊಂಡಂತಿದ್ದವು.

ಅಲ್ಲಿನ ಹೆಸರುಗಳ ಒಳಗೆ ನಮ್ಮ ಪದಗಳು ಅಡಗಿರುವುದು ನನ್ನನ್ನು ಮೊದಲು ಹಿಡಿದು ನಿಲ್ಲಿಸಿತು. ಬೆಟ್ಟದ ಹೆಸರು ಗಯಾಸಾನ್. ಅದು ಬುದ್ಧನಿಗೆ ಅರಿವಾದ ಗಯೆಯಿಂದ ಬಂದದ್ದೆಂಬುದು ಒಂದು ವಿವರಣೆ. ಹೇಯಿನ್ ಎಂದರೆ ಅವತಂಸಕ ಸೂತ್ರದಲ್ಲಿ ಬರುವ ಸಾಗರಮುದ್ರಾ ಸಮಾಧಿ, ಅಂದರೆ ಅಲೆಗಳಡಗಿದ ಕಡಲಿನಲ್ಲಿ ಲೋಕವೆಲ್ಲವೂ ಇದ್ದಂತೆಯೇ ಬಿಂಬಿಸುವ ಮನಸ್ಸಿನ ಸ್ಥಿತಿ. ಗ್ರಂಥಭಂಡಾರದ ಮುಂದಿನ ಕಟ್ಟಡದ ಹೆಸರು ಸುದಾರಾಜಾಂಗ್ ಎಂದು ಮಗಳು ಓದಿದಾಗ ನನಗೇನೂ ಹೊಳೆಯಲಿಲ್ಲ; 'ಸುದಾರಾ' ಎಂಬುದು 'ಸೂತ್ರ'ವೇ ಎಂದು ತಿಳಿದಾಗ, ಚೀನೀ ಲಿಪಿಯ ದಾರಿಯಲ್ಲಿ ಸವೆದು ಸವೆದು ಇಲ್ಲಿಯವರೆಗೆ ನಡೆದುಬಂದ ಆ ಪದದ ಮೇಲೆ ವಾತ್ಸಲ್ಯವೇ ಉಕ್ಕಿತು.

ಸಿಲ್ಲಾ ಅರಸರ ಕಾಲದಲ್ಲಿ, 802ರಲ್ಲಿ, ಸುನುಂಗ್ ಮತ್ತು ಇಜೊಂಗ್ ಎಂಬ ಇಬ್ಬರು ಭಿಕ್ಷುಗಳು ಸ್ಥಾಪಿಸಿದ ವಿಹಾರವಿದು. ಕೊರಿಯಾದಲ್ಲಿ ತ್ರಿರತ್ನಗಳಿಗೆ ಒಂದೊಂದರಂತೆ ಮೂರು ವಿಹಾರಗಳಿವೆ. ತೊಂಗ್ದೊಸಾ ಬುದ್ಧನಿಗೆ, ಸೊಂಗ್‌ಗ್ವಾಂಗ್‌ಸಾ ಸಂಘಕ್ಕೆ, ಹೇಯಿನ್‌ಸಾ ಧರ್ಮಕ್ಕೆ. ಇಲ್ಲಿ ಧರ್ಮವೆಂದರೆ ಅಮೂರ್ತವಾದುದಲ್ಲ, ಬೌದ್ಧ ಗ್ರಂಥಸಮುಚ್ಚಯವಾದ ತ್ರಿಪಿಟಕವನ್ನು ಕಾಗದದ ಮೇಲೆ ಅಚ್ಚೊತ್ತಲೆಂದು ಕೆತ್ತಿದ 81,258 ಮರದ ಹಲಗೆಗಳು. ಅವನ್ನಿಟ್ಟ ಜಾಂಗ್ಯೊಂಗ್ ಪಾನ್‌ಜನ್ ಇರುವುದು ವೈರೋಚನ ಬುದ್ಧನ ಮುಖ್ಯ ಮಂದಿರದ ಹಿಂದೆ, ಇನ್ನಷ್ಟು ಮೆಟ್ಟಿಲು ಹತ್ತಿದ ಮೇಲೆ. ದೇವರಿಗಿಂತ ಎತ್ತರದಲ್ಲಿ ಗ್ರಂಥಾಲಯವನ್ನು ಕಟ್ಟಿದವರನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ನಮ್ಮ ಕಾಲೇಜಿನಲ್ಲಿ ನಮಗೆ ಸಿಕ್ಕಿದ್ದು ಕ್ಯಾಂಟೀನಿನ ಹಿಂಬದಿಯ ಕೋಣೆ.

ಇಷ್ಟು ಹತ್ತಿ ಹೋದವಳಿಗೆ ಒಳಗೆ ಪ್ರವೇಶ ಸಿಗಲಿಲ್ಲ. 2021ರಿಂದ ಸಾರ್ವಜನಿಕರನ್ನು ಒಳಗೆ ಬಿಡುತ್ತಿದ್ದಾರೆ, ನಿಜ, ಆದರೆ ವಾರದ ಕೊನೆಯ ದಿನಗಳಲ್ಲಿ ಮಾತ್ರ, ಅದೂ ಮೊದಲೇ ಹೆಸರು ನೋಂದಾಯಿಸಿದ ಕೆಲವೇ ಮಂದಿಯನ್ನು. ನಾವು ಹೋದದ್ದು ಗುರುವಾರ. ಯಾವ ದಿನ ಹೋದರೂ ಆಗುತ್ತದೆ, ಟಿಕೆಟ್ ಅಲ್ಲಿಯೇ ಸಿಗುತ್ತದೆ ಎಂದು ಊರಿನಲ್ಲಿ ನನಗೆ ಭರವಸೆ ಕೊಟ್ಟು ವಿಮಾನದ ಟಿಕೆಟ್ ಮಾಡಿಸಿಕೊಟ್ಟ ಏಜೆಂಟರ ಮೇಲೆ ನನಗೆ ಇನ್ನೂ ಸಿಟ್ಟು ಹೋಗಿಲ್ಲ. ಹೋಗುವವರು ವಿಹಾರದ ಜಾಲತಾಣದಲ್ಲಿಯೇ ನೋಡಿಕೊಂಡು ಮೊದಲೇ ಹೆಸರು ಬರೆಸಿ. ಬಸ್ಸಿನಿಂದ ಇಳಿದ ಕೂಡಲೇ ಹಿಂದಿರುಗುವ ಕೊನೆಯ ಬಸ್ಸಿನ ಸಮಯವನ್ನೂ ಕೇಳಿ ಬರೆದಿಟ್ಟುಕೊಳ್ಳಿ.

ಆದರೆ ಒಳಗೆ ಹೋಗಲಾಗದ್ದರಿಂದಲೇ ಆ ಹಿರಿಯರ ಪರಿಚಯವಾಯಿತು. ಶಾಲಾ ಮೇಷ್ಟರಾಗಿ ನಿವೃತ್ತರಾಗಿ, ಈಗ ಬಂದವರಿಗೆ ಸ್ಥಳ ವಿವರಿಸುವ ಸೇವೆ ಮಾಡುತ್ತಿರುವವರು. ಸರಳುಗಳ ನಡುವೆ ಇಣುಕುತ್ತಿದ್ದ ನನ್ನನ್ನು ನೋಡಿ ಹತ್ತಿರ ಬಂದು, "ಒಳಗೆ ನೋಡಬೇಡಿ, ಕಿಟಕಿಯನ್ನು ನೋಡಿ" ಎಂದರು. ಮಗಳು ನಡುವೆ ನಿಂತು ಕನ್ನಡಕ್ಕೆ ತಿರುಗಿಸುತ್ತಿದ್ದಳು.

ಕಿಟಕಿಗೆ ಗಾಜಿಲ್ಲ, ಕಾಗದವಿಲ್ಲ, ನೆಟ್ಟ ಮರದ ಸರಳುಗಳಷ್ಟೇ. ಗೋಡೆಯಲ್ಲಿ ಅಂಥವು ಮೇಲೊಂದು, ಕೆಳಗೊಂದು. ಮುಂಭಾಗದಲ್ಲಿ ಕೆಳಗಿನದು ದೊಡ್ಡದು, ಮೇಲಿನದು ಚಿಕ್ಕದು. ಹಿಂಭಾಗಕ್ಕೆ ಹೋಗಿ ನೋಡಿದರೆ ಅದು ತಿರುವುಮುರುವು. ಕಣಿವೆಯಿಂದ ಏರಿಬರುವ ಗಾಳಿ ಕೆಳಗಿನ ದೊಡ್ಡ ಕಿಟಕಿಯಿಂದ ಒಳನುಗ್ಗಿ, ಒಮ್ಮೆಲೇ ಹೊರಟುಹೋಗಲಾರದೆ ಕಟ್ಟಡವನ್ನೆಲ್ಲ ಸುತ್ತಿ, ಎದುರು ಗೋಡೆಯ ಮೇಲಿನ ಕಿಟಕಿಯಿಂದ ಹೊರಬೀಳುತ್ತದೆ. ನೆಲದಡಿಯಲ್ಲಿ ಇದ್ದಿಲು, ಉಪ್ಪು, ಸುಣ್ಣ ಬೆರೆತ ಮಣ್ಣು. ಮಳೆಗಾಲದಲ್ಲಿ ಅದು ತೇವವನ್ನು ಹೀರುತ್ತದೆ, ಒಣಹವೆಯಲ್ಲಿ ಬಿಟ್ಟುಕೊಡುತ್ತದೆ. ಹಲಗೆಗಳ ಎರಡು ತುದಿಗೂ ಹಲಗೆಗಿಂತ ದಪ್ಪನಾದ ಹಿಡಿಕಟ್ಟುಗಳಿವೆ. ಸಾಲಾಗಿ ನಿಲ್ಲಿಸಿದಾಗ ಅವು ಒಂದಕ್ಕೊಂದು ತಾಗುತ್ತವೆಯೇ ಹೊರತು ಕೆತ್ತಿದ ಮೈಗಳು ತಾಗುವುದಿಲ್ಲ, ನಡುವೆ ಗಾಳಿಯಾಡುತ್ತದೆ. ಹದಿನೈದನೆಯ ಶತಮಾನದ ಈ ಕಟ್ಟಡಗಳಲ್ಲಿ ಯಂತ್ರವೆಂಬುದು ಇಷ್ಟೇ.

"ಹವಾನಿಯಂತ್ರಣ ಮಾಡಿಸಬಹುದಲ್ಲ?" ಎಂದು ಕೇಳಿದೆ. ಹಿರಿಯರು ಈ ಪ್ರಶ್ನೆಗಾಗಿಯೇ ಕಾದಿದ್ದವರಂತೆ ನಕ್ಕರು. 1970ರ ದಶಕದಲ್ಲಿ ಸರ್ಕಾರವೇ ಆಧುನಿಕ ಉಗ್ರಾಣವೊಂದನ್ನು ಕಟ್ಟಿಸಿತ್ತಂತೆ. ಪರೀಕ್ಷೆಗೆಂದು ಕೆಲವು ಹಲಗೆಗಳನ್ನು ಅಲ್ಲಿಟ್ಟು ನೋಡಿದರೆ ಅವಕ್ಕೆ ಬೂಷ್ಟು ಹಿಡಿಯಿತು. ಹಲಗೆಗಳನ್ನು ತಿರುಗಿ ತಂದು ಹಳೆಯ ಸ್ಥಾನದಲ್ಲಿಯೇ ಇಟ್ಟು, ಯೋಜನೆಯನ್ನು ಕೈಬಿಟ್ಟರು.

ಈ ಹಲಗೆಗಳು ಎರಡನೆಯ ಪ್ರತಿ. ಮೊದಲನೆಯದರ ಕೆತ್ತನೆ ಶುರುವಾದದ್ದು 1011ರಲ್ಲಿ, ಉತ್ತರದ ಖಿತಾನ ಜನರ ದಾಳಿಯ ಕಾಲದಲ್ಲಿ; ಅದು 1232ರಲ್ಲಿ ಮಂಗೋಲರ ಬೆಂಕಿಗೆ ಬೂದಿಯಾಯಿತು. ಸುಟ್ಟದ್ದು ನನ್ನ ಮಗಳ ಊರಾದ ಡೇಗುವಿನ ಬುಇನ್‌ಸಾ ವಿಹಾರದಲ್ಲಿ. ಆಗ ಕೊರಿಯಾವನ್ನಾಳುತ್ತಿದ್ದ ಗೊರ್ಯೊ ಆಸ್ಥಾನ ಗಾಂಗ್‌ಹ್ವಾ ದ್ವೀಪಕ್ಕೆ ಓಡಿಹೋಗಿ, ಅರ್ಧ ದೇಶವನ್ನು ಕಳೆದುಕೊಂಡ ಸ್ಥಿತಿಯಲ್ಲಿ, 1236ರಲ್ಲಿ ಎಲ್ಲವನ್ನೂ ಮತ್ತೆ ಮೊದಲಿನಿಂದ ಕೆತ್ತಿಸಲು ಹೊರಟಿತು, ಮುಗಿದದ್ದು 1251ರಲ್ಲಿ. ಸಂಪಾದಕರ ಮುಖ್ಯಸ್ಥ ಸುಗಿ ಎಂಬ ಭಿಕ್ಷು. ಚೀನಾದ ಸೊಂಗ್ ದೊರೆಗಳ ಪ್ರತಿ, ಖಿತಾನರ ಪ್ರತಿ, ಸುಟ್ಟುಹೋದ ತಮ್ಮದೇ ಪ್ರತಿಯ ಮುದ್ರಣ, ಇವನ್ನು ಪಕ್ಕಪಕ್ಕದಲ್ಲಿಟ್ಟು, ಎಲ್ಲಿ ಯಾವ ಪಾಠವನ್ನು ಏಕೆ ಒಪ್ಪಿದೆವು ಎಂಬುದನ್ನು ಆತ ಮೂವತ್ತು ಸಂಪುಟಗಳಲ್ಲಿ ಬರೆದಿಟ್ಟ. ಶತ್ರುಗಳಾದ ಖಿತಾನರ ಪಾಠ ಸರಿಯೆನಿಸಿದಲ್ಲಿ ಅದನ್ನೇ ಒಪ್ಪಿದ ಆ ಸಂಪಾದಕನ ಎದುರು ನಾನು ಮನಸ್ಸಿನಲ್ಲಿಯೇ ಕೈಮುಗಿದೆ.

ಒಂದೊಂದು ಅಕ್ಷರ ಕೆತ್ತಿದಾಗಲೂ ಮೂರು ಬಾರಿ ಸಾಷ್ಟಾಂಗವೆರಗುತ್ತಿದ್ದರೆಂಬ ಕಥೆಯನ್ನು ಅಲ್ಲಿ ಭಕ್ತಿಯಿಂದ ಹೇಳುತ್ತಾರೆ. ನಾನು ಲೆಕ್ಕ ಹಾಕಿದೆ. ಒಂದು ಬದಿಗೆ 23 ಸಾಲು, ಸಾಲಿಗೆ 14 ಅಕ್ಷರ, ಎರಡೂ ಬದಿ ಸೇರಿ 644. ಒಟ್ಟು ಐದು ಕೋಟಿ ದಾಟುತ್ತದೆ. ಹದಿನೈದು ವರ್ಷಗಳಲ್ಲಿ ಅಷ್ಟು ನಮಸ್ಕಾರವಾಗುವ ಮಾತಲ್ಲ. ಮರವನ್ನು ಮೂರು ವರ್ಷ ಕಡಲ ನೀರಿನಲ್ಲಿ ನೆನೆಸಿಟ್ಟು, ಉಪ್ಪುನೀರಿನಲ್ಲಿ ಕುದಿಸಿ, ನೆರಳಿನಲ್ಲಿ ಒಣಗಿಸಿ, ಕೆತ್ತಿದ ಮೇಲೆ ಅರಗಿನಂಥ ಮೆರುಗು ಬಳಿದು, ಮೂಲೆಗಳಿಗೆ ಲೋಹದ ಪಟ್ಟಿ ಹೊಡೆದರೆಂಬ ವಿವರವೇ ನನಗೆ ಹೆಚ್ಚು ಭಕ್ತಿಯದೆನಿಸಿತು. ಬಹುಕಾಲ ಇದು ಭೂರ್ಜವೃಕ್ಷದ ಮರವೆಂದೇ ನಂಬಲಾಗಿತ್ತು. ಸೂಕ್ಷ್ಮದರ್ಶಕದಡಿ ನೋಡಿದಾಗ ಹೆಚ್ಚಿನವು ಕಾಡು ಚೆರ್ರಿಯದೆಂದು ತಿಳಿದುಬಂತು.

ನಾನು ಮೂಡುಬಿದಿರೆಯವಳೆಂದು ಹೇಳಿ, ಅಲ್ಲಿನ ಬಸದಿಯಲ್ಲಿ ತಾಳೆಗರಿಯ ಧವಲಾ ಎಂಬ ಜೈನ ಗ್ರಂಥಗಳಿರುವುದನ್ನೂ, ಬಹುಕಾಲ ಅವು ದರ್ಶನಕ್ಕೆ ಮಾತ್ರ ಸಿಗುತ್ತಿದ್ದುದನ್ನೂ, ಅಕ್ಷರ ಮಸುಕಾದ ಗರಿಗಳಿಗೆ ಎಣ್ಣೆ ಸವರಿ ಕಾಡಿಗೆ ಹಚ್ಚುವುದನ್ನೂ ವಿವರಿಸಿದೆ. ಹಿರಿಯರು ಗಮನವಿಟ್ಟು ಕೇಳಿ, "ನೀವು ಅದನ್ನು ಓದಬಲ್ಲಿರಾ?" ಎಂದರು.

"ಲಿಪಿ ಹಳಗನ್ನಡದ್ದು, ಭಾಷೆ ಪ್ರಾಕೃತ. ಕಷ್ಟಪಟ್ಟರೆ ಅಕ್ಷರ ಕೂಡಿಸಿಯೇನು, ಅರ್ಥವಾಗದು."

"ನನ್ನದೂ ಅದೇ ಕಥೆ. ಇವು ಚೀನೀ ಅಕ್ಷರಗಳು. ನಮ್ಮ ಉಚ್ಚಾರದಲ್ಲಿ ಗಟ್ಟಿಯಾಗಿ ಓದುತ್ತೇನೆ, ಅರ್ಥ ಗೊತ್ತಾಗುವುದಿಲ್ಲ. ಅದೂ ಕಾಗದದ ಮೇಲೆ ಬಿದ್ದರೆ. ಹಲಗೆಯ ಮೇಲೆ ಎಲ್ಲವೂ ಕನ್ನಡಿಯೊಳಗಿನಂತೆ ತಿರುಗಿವೆ." ಸ್ವಲ್ಪ ತಡೆದು, "ಇದು ಪುಸ್ತಕಗಳ ಮನೆಯಲ್ಲ, ಪುಸ್ತಕಗಳ ತಾಯಿಯ ಮನೆ. ತಾಯಿಯನ್ನು ಯಾರೂ ಎರವಲು ಒಯ್ಯುವುದಿಲ್ಲ" ಎಂದರು.

ಒಯ್ಯಲು ಕೇಳಿದವರಿದ್ದರು. ಹದಿನೈದನೆಯ ಶತಮಾನದಲ್ಲಿ, ಕೊರಿಯಾದ ಸೇಜೊಂಗ್ ಅರಸನ ಕಾಲದಲ್ಲಿ, ಜಪಾನಿನ ದೂತರು ಹಲಗೆಗಳನ್ನೇ ಕೊಡಿ ಎಂದು ಪಟ್ಟು ಹಿಡಿದಿದ್ದರು. ಅವರಿಗೆ ಅವು ಸಿಗಲಿಲ್ಲ. ಆದರೆ ಈ ಹಲಗೆಗಳಿಂದ ಅಚ್ಚಾದ ಪ್ರತಿಗಳು ಜಪಾನನ್ನು ತಲುಪಿದವು. ಇಂದು ಜಗತ್ತಿನಾದ್ಯಂತ ವಿದ್ವಾಂಸರು ಬಳಸುವ, ಜಪಾನಿನಲ್ಲಿ ಅಚ್ಚಾದ ಚೀನೀ ತ್ರಿಪಿಟಕದ ತೈಶೊ ಆವೃತ್ತಿಗೆ ಮುಖ್ಯ ಆಧಾರ ಈ ಕೊರಿಯಾದ ಪಾಠವೇ. 1990ರ ದಶಕದಲ್ಲಿ ಅಷ್ಟನ್ನೂ ಕಂಪ್ಯೂಟರಿಗೆ ಏರಿಸಿದ್ದಾರೆ. ಬಳಕೆಯೆಂದರೆ ಕೌಂಟರಿನ ಮೇಲೆ ಮೊಹರು ಒತ್ತುವುದು ಮಾತ್ರವೆಂದು ತಿಳಿದಿದ್ದ ನನ್ನ ಗ್ರಂಥಪಾಲಕಿಯ ಬುದ್ಧಿ ಅಲ್ಲಿಗೆ ಸುಮ್ಮನಾಯಿತು.

ಮಧ್ಯಾಹ್ನ ಕೆಳಗಿನ ಹೋಟೆಲಿನಲ್ಲಿ ಬೆಟ್ಟದ ಸೊಪ್ಪುಗಳನ್ನು ಕಲಸಿದ ಅನ್ನವನ್ನು ತಿಂದೆವು. ಮೂರು ವಾರಗಳಲ್ಲಿ ನಾನು ಅನುಮಾನವಿಲ್ಲದೆ ಉಂಡ ಒಂದೇ ಊಟ. ವಸ್ತುಸಂಗ್ರಹಾಲಯದಲ್ಲಿಟ್ಟಿದ್ದ ನಕಲು ಹಲಗೆಗಳು ಹೊಳೆಹೊಳೆದು ಪ್ಲಾಸ್ಟಿಕ್ಕಿನಂತೆ ಕಂಡವು.

ಒಂಬತ್ತು ದಿನ ಬಿಟ್ಟು, ಶನಿವಾರ, ನೋಂದಾಯಿಸಿಕೊಂಡೇ ಮತ್ತೆ ಹೋದೆವು. ಒಳಗೆ ಕಳೆದದ್ದು ಸ್ವಲ್ಪವೇ ಹೊತ್ತು, ಫೋಟೋ ತೆಗೆಯುವಂತಿಲ್ಲ. ಸೂರಿನವರೆಗೆ ಏರಿದ ಅಟ್ಟಣೆಗಳು, ಕಪ್ಪು ತಿರುಗಿದ ಹಲಗೆಯ ಅಂಚುಗಳು, ಸರಳುಗಳಿಂದ ನೆಲದ ಮೇಲೆ ಬಿದ್ದ ಬಿಸಿಲಿನ ಪಟ್ಟೆಗಳು. ಕಾಲಿಗೆ ತಣ್ಣನೆಯ ಗಾಳಿ ತಾಗುತ್ತಿತ್ತು, ಸ್ವಲ್ಪ ಹೊತ್ತಿನಲ್ಲಿ ಅದು ಕುತ್ತಿಗೆಯ ಬಳಿ ಸುಳಿಯಿತು. 1817ರ ಬೆಂಕಿ ವಿಹಾರದ ಬಹುಭಾಗವನ್ನು ನುಂಗಿದಾಗ ಈ ಕಟ್ಟಡಗಳು ಉಳಿದವು. 1951ರಲ್ಲಿ, ಕೊರಿಯಾದ ಯುದ್ಧದ ವೇಳೆ, ಇಲ್ಲಿ ಅಡಗಿದ್ದ ಕಮ್ಯುನಿಸ್ಟ್ ಗೆರಿಲ್ಲಾಗಳ ಮೇಲೆ ಬಾಂಬು ಹಾಕಲು ಆದೇಶ ಬಂದಾಗ, ವಿಮಾನಪಡೆಯ ಕಿಮ್ ಯಂಗ್‌ಹ್ವಾನ್ ಅದನ್ನು ಪಾಲಿಸಲಿಲ್ಲ. ಅವರ ಸ್ಮಾರಕಶಿಲೆ ದಾರಿಯಲ್ಲಿಯೇ ಇದೆ. ಹೆಚ್ಚಿನವರು ಅದನ್ನು ನೋಡದೆಯೇ ದಾಟುತ್ತಿದ್ದರು. ಹಿರಿಯರನ್ನು ಹುಡುಕಿದೆವು, ಆ ದಿನ ಅವರ ಸರದಿಯಿರಲಿಲ್ಲ.

ಮರಳುವಾಗ ಪ್ರಜ್ಞಾಪಾರಮಿತಾ ಹೃದಯಸೂತ್ರವನ್ನು ಕೈಕಾಗದದ ಮೇಲೆ ಅಚ್ಚೊತ್ತಿದ ಒಂದು ಹಾಳೆಯನ್ನು ಕೊಂಡೆ. ಊರಿಗೆ ಬಂದು ಗಾಜಿನ ಚೌಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದೆ. ಈ ಜುಲೈ ತಿಂಗಳ ಮಳೆಯಲ್ಲಿ ಗಾಜಿನ ಒಳಮೈಗೆ ತೇವ ಕೂತು, ಹಾಳೆಯ ಬಲಮೂಲೆಗೆ ಬೂದುಬಣ್ಣದ ಬೂಷ್ಟು ಕಾಣಿಸಿಕೊಂಡಿತು. ಮರುದಿನವೇ ಚೌಕಟ್ಟು ಬಿಚ್ಚಿಸಿ ಗಾಜನ್ನು ತೆಗೆಸಿದೆ. ಹಾಳೆ ಈಗ ಅಡುಗೆಮನೆಗೂ ಜಗಲಿಗೂ ನಡುವಿನ ಗೋಡೆಯ ಮೇಲಿದೆ; ಗಾಳಿ ಬೀಸಿದಾಗ ಅದರ ಕೆಳಗಿನ ಅಂಚು ಗೋಡೆಗೆ ಸಣ್ಣಗೆ ಬಡಿಯುತ್ತಿರುತ್ತದೆ.