ಥುಕ್ಲಾ ಏರು ಹತ್ತಿದ ದಿನ

2025ರ ನವೆಂಬರ್‌ನಲ್ಲಿ ಬೆಂಗಳೂರಿನ ನಾವೊಂದಷ್ಟು ಗೆಳೆಯರು ಎವರೆಸ್ಟ್ ಬೇಸ್ ಕ್ಯಾಂಪ್ ಚಾರಣಕ್ಕೆ ಹೋಗಿದ್ದೆವು. ಬೇಸ್ ಕ್ಯಾಂಪ್ ತಲುಪಿದ್ದರ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನಗೆ ಬರೆಯಬೇಕು ಅನ್ನಿಸಿದ್ದು ಅದರ ಹಿಂದಿನ ದಿನದ ಬಗ್ಗೆ, ಫೆರಿಚೆಯಿಂದ ಲೊಬುಚೆಗೆ ನಡೆದ ದಿನದ ಬಗ್ಗೆ.

ನಮ್ಮ ಗೈಡ್ ಎವರೆಸ್ಟ್ ಸೀಮೆಯ ಶೆರ್ಪಾ ಜನಾಂಗದವರು. ವಯಸ್ಸು ಐವತ್ತರ ಹತ್ತಿರ, ಊರು ಥಾಮೆ ಕಡೆ. ಅಲ್ಲಿ ಅಣ್ಣನಿಗೆ ದಾಯಿ ಅಂತಾರೆ, ನಾವೂ ಹಾಗೇ ಕರೆಯುತ್ತಿದ್ದೆವು. ಥಾಮೆ ಅಂದರೆ ಆಲೂಗಡ್ಡೆ ಹೊಲ, ಕಲ್ಲಿನ ಬೇಲಿ, ಬೆಟ್ಟದ ಮಗ್ಗುಲಲ್ಲಿ ಒಂದು ಬೌದ್ಧ ಮಠ ಇರುವ ಪುಟ್ಟ ಹಳ್ಳಿ. ಎವರೆಸ್ಟನ್ನು 21 ಸಲ ಹತ್ತಿದ ಅಪಾ ಶೆರ್ಪಾ ಆ ಊರಿನವರು. 2025ರ ಮೇನಲ್ಲಿ 31ನೇ ಸಲ ಹತ್ತಿದ ಕಾಮಿ ರೀತಾ ಶೆರ್ಪಾ ಕೂಡ ಅಲ್ಲಿಯವರೇ. 2024ರ ಆಗಸ್ಟ್ 16ರಂದು ಮೇಲಿದ್ದ ಹಿಮಸರೋವರ ಒಡೆದು, ಆ ಊರಿನ ಶಾಲೆ, ಆರೋಗ್ಯ ಕೇಂದ್ರ, ಎಷ್ಟೋ ಮನೆಗಳು ಹಾಳಾದವು. ದಾಯಿಯ ಮನೆ ಎತ್ತರದಲ್ಲಿದ್ದಿದ್ದಕ್ಕೆ ಉಳಿಯಿತಂತೆ.

ಮಧ್ಯಾಹ್ನ ದಾರಿ ನಡುವಿನ ಥುಕ್ಲಾದಲ್ಲಿ ಬೆಳ್ಳುಳ್ಳಿ ಸೂಪು ಕುಡಿದು ಏರು ಹತ್ತಲು ಶುರು ಮಾಡಿದೆವು. ಅಲ್ಲಿಂದ ಕಣಿವೆಯ ತಲೆಗೆ ಇನ್ನೂರು ಮೀಟರ್ ಚಿಲ್ಲರೆ ಏರು. ಆದರೆ ಆ ಎತ್ತರದಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಎದೆ ಹೊಡೆದುಕೊಳ್ಳುತ್ತೆ. ದಾಯಿ ಮಾತ್ರ ಜೇಬಿಗೆ ಕೈ ಹಾಕಿಕೊಂಡು, ನಮ್ಮೊಬ್ಬರ ಬ್ಯಾಗನ್ನೂ ಹೊತ್ತು, ಫೋನಲ್ಲಿ ಮಾತಾಡುತ್ತಾ ಹತ್ತುತ್ತಿದ್ದರು. ಶೆರ್ಪಾಗಳ ಮೈ ಕಮ್ಮಿ ಆಮ್ಲಜನಕಕ್ಕೆ ಹೊಂದಿಕೊಂಡೇ ಇರುತ್ತೆ, ತಲೆಮಾರುಗಳಿಂದ ಬಂದದ್ದು ಅಂತ ವಿಜ್ಞಾನಿಗಳು ಹೇಳುತ್ತಾರೆ. ಅದು ನಿಜ. ಆದರೆ ಅದನ್ನೇ ಹಿಡಿದುಕೊಂಡು "ಅವರಿಗೆ ಸಲೀಸು ಬಿಡಿ" ಅನ್ನುವವರನ್ನು ಕಂಡರೆ ನನಗೆ ಈಗ ಸಿಟ್ಟು ಬರುತ್ತೆ. ಮಂಜುಗಡ್ಡೆ ತಲೆ ಮೇಲೆ ಬಿದ್ದರೆ ಅವರ ಮೈಯೂ ನಮ್ಮ ಮೈಯ ಹಾಗೇ, ಅಲ್ವಾ?

ಏರಿನ ತುದಿಯಲ್ಲಿ ಒಂದು ಬಯಲು. ಬಯಲು ತುಂಬ ಕಲ್ಲು ಪೇರಿಸಿದ ಸ್ಮಾರಕಗಳು, ಅವುಗಳ ನಡುವೆ ಗಾಳಿಗೆ ಪಟಪಟ ಅನ್ನುವ ಪ್ರಾರ್ಥನೆಯ ಬಾವುಟಗಳು. ಬೆಟ್ಟದಲ್ಲಿ ಸತ್ತವರದು. ಬಾಬು ಛಿರಿ ಶೆರ್ಪಾ ಅವರ ಸ್ಮಾರಕ ಅಲ್ಲೇ ಇದೆ. 1999ರಲ್ಲಿ ಎವರೆಸ್ಟ್ ತುದಿಯಲ್ಲಿ ಸಿಲಿಂಡರ್ ಆಕ್ಸಿಜನ್ ಇಲ್ಲದೆ 21 ಗಂಟೆ ಕಳೆದ ಮನುಷ್ಯ ಅವರು. 2001ರಲ್ಲಿ ಎರಡನೇ ಕ್ಯಾಂಪಿನ ಹತ್ತಿರ ಮಂಜಿನ ಬಿರುಕಿಗೆ ಬಿದ್ದು ಹೋದರು. ನಾವು ಫೋಟೋ ತೆಗೆಯುತ್ತಿದ್ದೆವು. ದಾಯಿ ಹೆಸರಿಲ್ಲದ ಒಂದು ಸಣ್ಣ ಕಲ್ಲುಗುಪ್ಪೆಯ ಹತ್ತಿರ ಹೋಗಿ, ಜಾರಿದ್ದ ಎರಡು ಕಲ್ಲು ಎತ್ತಿ ಸರಿಯಾಗಿ ಕೂರಿಸಿದರು. ಯಾರದು ದಾಯಿ ಅಂದೆ. "ನನ್ನ ಜೊತೆ ಹೊರೆ ಹೊರುತ್ತಿದ್ದವನು. 2014" ಅಂದರು. ಮುಂದೆ ಕೇಳಲಿಲ್ಲ.

ಸಂಜೆ ಲೊಬುಚೆಯ ಲಾಡ್ಜಿನಲ್ಲಿ ಅವರೇ ಮಾತು ತೆಗೆದರು. ನಡುಮನೆಯಲ್ಲಿ ಯಾಕ್ ಸಗಣಿಯ ಬೆರಣಿ ಹಾಕಿ ಉರಿಸುವ ಕಬ್ಬಿಣದ ಒಲೆ, ಸುತ್ತ ನಾವು. ಖುಂಬು ಹಿಮಪಾತ (ಇಂಗ್ಲಿಷಲ್ಲಿ ಐಸ್‌ಫಾಲ್) ಅಂದರೆ ಬೇಸ್ ಕ್ಯಾಂಪಿಗೂ ಒಂದನೇ ಕ್ಯಾಂಪಿಗೂ ನಡುವಿನ ಜಾಗ. ನೀರ್ಗಲ್ಲಿನ ನದಿಯೇ ಇಳಿಜಾರಲ್ಲಿ ಒಡೆದು, ಮನೆಯಷ್ಟು ದೊಡ್ಡ ಗಡ್ಡೆಗಳಾಗಿ ನಿಂತಿರುತ್ತೆ, ಸದಾ ಜರುಗುತ್ತಲೂ ಇರುತ್ತೆ. ಬಿಸಿಲು ಬಿದ್ದರೆ ಅಪಾಯ ಜಾಸ್ತಿ, ಅದಕ್ಕೇ ರಾತ್ರಿ ಎರಡು ಮೂರು ಗಂಟೆಗೇ ಹೊರಡಬೇಕು. ಬಿರುಕುಗಳ ಮೇಲೆ ಅಲ್ಯೂಮಿನಿಯಂ ಏಣಿ ಅಡ್ಡ ಹಾಕಿರುತ್ತಾರೆ, ಒಂದು ಸಾಲದಿದ್ದರೆ ಎರಡು ಮೂರನ್ನು ಹಗ್ಗದಲ್ಲಿ ಕಟ್ಟಿ. ಹೇಗೆ ದಾಟುತ್ತೀರಿ ಅಂತ ಕೇಳಿದ್ದಕ್ಕೆ ದಾಯಿ ನನ್ನ ಎರಡು ವಾಕಿಂಗ್ ಕೋಲುಗಳನ್ನು ನೆಲದ ಮೇಲೆ ಅಡ್ಡಡ್ಡ ಇಟ್ಟರು. ಅವು ಏಣಿಯ ಎರಡು ಮೆಟ್ಟಿಲು. ಬೂಟಿನಡಿಯ ಮುಂದಿನ ಮುಳ್ಳು ಒಂದರ ಮೇಲೆ, ಹಿಮ್ಮಡಿಯ ಮುಳ್ಳು ಇನ್ನೊಂದರ ಮೇಲೆ ಕೂರಬೇಕು. ಪಾದ ಚಿಕ್ಕದಿದ್ದರೆ ಎರಡಕ್ಕೂ ಎಟುಕಲ್ಲ, ಆಗ ಅಂಗಾಲಿನ ನಡುವೆ ಹಿಡಿತ ತೆಗೆದುಕೊಳ್ಳಬೇಕು. ಎರಡೂ ಕೈಯಲ್ಲಿ ಪಕ್ಕದ ಹಗ್ಗ ಬಿಗಿ ಹಿಡಿದು, ಬೆನ್ನ ಮೇಲೆ ಟೆಂಟು, ಗ್ಯಾಸು, ಆಕ್ಸಿಜನ್ ಸಿಲಿಂಡರ್ ಹೊತ್ತು, ಹಣೆಯ ಮೇಲಿನ ದೀಪದ ಬೆಳಕಲ್ಲಿ ಬಿರುಕಿನ ಕತ್ತಲು ಕಾಣುತ್ತಾ ಇರುವಾಗ ಇದನ್ನು ಮಾಡಬೇಕು.

ಹಣ ಕೊಟ್ಟು ಹತ್ತಲು ಬಂದವರು ಒಂದು ಸೀಸನ್ನಿಗೆ ಆ ದಾರಿಯಲ್ಲಿ ಕೆಲವೇ ಸಲ ಓಡಾಡುತ್ತಾರೆ. ಅವರ ಸಾಮಾನು ಮೇಲೆ ಸಾಗಿಸುವ ಶೆರ್ಪಾ ಅದರ ಎಷ್ಟೋ ಪಟ್ಟು. ನಾವು ಶಿಖರ ಎಷ್ಟು ಸಲ ಮುಟ್ಟಿದ ಅಂತ ಎಣಿಸುತ್ತೇವೆ, ಹಿಮಪಾತ ಎಷ್ಟು ಸಲ ದಾಟಿದ ಅಂತ ಯಾರೂ ಎಣಿಸಲ್ಲ. ದಾಯಿಯ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಅವರು ಹೆಚ್ಚಿನ ವರ್ಷ ಎರಡನೇ ಕ್ಯಾಂಪಿನವರೆಗೆ ಹೊರೆ ಸಾಗಿಸಿದವರು, ಬರೀ ಆ ಕೆಲಸ.

2014ರ ಏಪ್ರಿಲ್ 18ರ ಬೆಳಿಗ್ಗೆ ಎವರೆಸ್ಟಿನ ಪಶ್ಚಿಮ ಭುಜದಿಂದ ಮಂಜುಗಡ್ಡೆ ಕಳಚಿ ಹಿಮಪಾತದ ದಾರಿಯ ಮೇಲೆ ಬಿತ್ತು. 16 ಜನ ಸತ್ತರು, ಎಲ್ಲರೂ ನೇಪಾಳದ ಕೆಲಸಗಾರರು. ಮೂವರ ದೇಹ ಸಿಗಲೇ ಇಲ್ಲ. ದಾಯಿ ಆ ದಿನ ತಡವಾಗಿ ಹೊರಟಿದ್ದರು, ಕೆಳಗಿದ್ದರು. ಸುದ್ದಿ ಊರಿಗೆ ಮುಟ್ಟಿದ್ದು ಬೇಗ, ಯಾರ್ಯಾರು ಅನ್ನೋದು ಗೊತ್ತಾಗಿದ್ದು ತಡ. ಮಧ್ಯಾಹ್ನದವರೆಗೂ ಅತ್ತಿಗೆ, ಅಂದರೆ ದಾಯಿಯ ಹೆಂಡತಿ, ಮಠದಲ್ಲೇ ಕೂತಿದ್ದರಂತೆ. ಸತ್ತವರ ಮನೆಗೆ ಸರ್ಕಾರ ಮೊದಲು ಘೋಷಿಸಿದ ಪರಿಹಾರ 40,000 ನೇಪಾಳಿ ರೂಪಾಯಿ, ನಮ್ಮ ದುಡ್ಡಲ್ಲಿ 25,000. ಶೆರ್ಪಾಗಳು ಈ ವರ್ಷ ಹತ್ತಲ್ಲ ಅಂತ ಕೂತುಬಿಟ್ಟರು. ವಿಮೆ 15 ಲಕ್ಷ ನೇಪಾಳಿ ರೂಪಾಯಿಗೆ ಏರಿದ್ದು ಆ ಜಗಳದ ನಂತರ. ಜಗಳ ಮಾಡಿದ್ದು ಸರಿ. ಸದಾ ನಗುತ್ತಾ ಚಹಾ ತಂದುಕೊಡುವವರು ಅಂತಷ್ಟೇ ಅವರನ್ನು ನೋಡಿ ಅಭ್ಯಾಸ ಆದವರಿಗೆ ಆಗ ಬೇಜಾರಾಗಿರಬಹುದು.

ದಾಯಿ ಆಮೇಲೆ ಆ ಕೆಲಸ ಬಿಟ್ಟು ಚಾರಣದ ಗೈಡ್ ಆದರು. ಸಂಪಾದನೆ ಕಮ್ಮಿ. ಮಗಳು ಕಠ್ಮಂಡುವಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಆದರೆ ಅವರ ಅಕ್ಕನ ಮಗ ಈಗಲೂ ಹೊರೆ ಸಾಗಿಸುತ್ತಾನೆ. ಈಗ ಡ್ರೋನ್ ಬಂದಿದೆಯಲ್ಲ ಅಂದೆ. 2025ರ ಸೀಸನ್ನಿನಲ್ಲಿ ಏಣಿ, ಹಗ್ಗ, ಸಿಲಿಂಡರ್‌ಗಳನ್ನು ಡ್ರೋನ್ ಒಂದನೇ ಕ್ಯಾಂಪಿಗೆ ಎತ್ತಿಕೊಂಡು ಹೋಗಿತ್ತು. ಹುಡುಗರಿಗೆ ಅದೂ ಒಂದು ಚಿಂತೆಯಂತೆ, ಎಷ್ಟು ಹೊರೆ ಸಾಗಿಸಿದರೆ ಅಷ್ಟು ದುಡ್ಡು ತಾನೇ. "ದುಡ್ಡು ಕಮ್ಮಿಯಾದರೆ ಆಗಲಿ ಭಾಯಿ," ಅಂದರು ದಾಯಿ, "ನಾಲ್ಕು ಸಲ ಹೋಗೋದು ತಪ್ಪಿದರೆ ಅಕ್ಕ ನಾಲ್ಕು ರಾತ್ರಿ ನಿದ್ದೆ ಮಾಡ್ತಾಳೆ." ಹುಡುಗ ಏನಂತಾನೆ ಅಂತ ಕೇಳಿದೆ. ಮನೆ ಸಾಲ ಇದೆ, ಮುಂದಿನ ಏಪ್ರಿಲ್‌ಗೆ ಆಗಲೇ ಮುಂಗಡ ತಗೊಂಡಿದ್ದಾನೆ ಅಂದರು.